ಹಳೆಯ ಮಾತಿಗೆ ಹೊಸ ಧಾತು

ಶಿಶುನಾಳ ಶರೀಫ ಸಾಹೇಬರ ತತ್ತ್ವಪದಗಳನ್ನು ಗಿಟಾರು, ಡ್ರಮ್ಮು ಮೊದಲಾದ ಪಾಶ್ಚಾತ್ಯ ವಾದ್ಯಗಳೊಡನೆ ಹಾಡಬಹುದೆ, ಕೂಡದೆ ಎಂಬ ಪ್ರಶ್ನೆಯು ಇಂದು ಹುಟ್ಟಿದುದಲ್ಲ. ಶ್ರೀ ರಘು ದೀಕ್ಷಿತರ ಮೊದಲನೆಯ ಧ್ವನಿಮುದ್ರಿಕೆಯು 2008ರಲ್ಲಿ ಹೊರಬಂದಂದಿನಿಂದಲೂ ನಮ್ಮ ವಿಮಾನಪುರದ ಮನೆಗಳಲ್ಲಿ ಅದು ಆಗಾಗ ತಲೆಯೆತ್ತುತ್ತಲೇ ಇರುವುದು. ಅದೇ ವರ್ಷದ ಮೇ ತಿಂಗಳಲ್ಲಿ ನಮ್ಮೂರಿನ ನಿಲ್ದಾಣದಿಂದ ಪ್ರಯಾಣಿಕರ ವಿಮಾನಗಳ ಸಂಚಾರವು ದೇವನಹಳ್ಳಿಗೆ ವರ್ಗವಾಯಿತಾಗಿ, ಒಂದು ಸದ್ದು ಊರು ಬಿಟ್ಟಿತು, ಇನ್ನೊಂದು ಸದ್ದು ಊರು ಹೊಕ್ಕಿತು ಎಂದು ಹಾಸ್ಯಮಾಡಿದವರೂ ಉಂಟು. ಹಾಸ್ಯವನ್ನು ಬದಿಗಿಟ್ಟು, ಈ ವಿಷಯದಲ್ಲಿ ಕೇಳುಗರ ಅಭಿಪ್ರಾಯಗಳನ್ನು ಈ ತಿಂಗಳು ಕ್ರಮವಾಗಿ ಪರಿಶೀಲಿಸುವೆವು. ಮಕ್ಕಳಿರುವ ಮನೆಗಳಿಗೆ ಇದು ಬರಿಯ ಅಭಿರುಚಿಯ ಮಾತಲ್ಲವೆಂಬುದು ಮುಂದೆ ತಾನಾಗಿಯೇ ತಿಳಿದುಬರುವುದು.

ಮೊದಲು ವಸ್ತುವಿನ ಪರಿಚಯ. ಶರೀಫರು 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡವರು. ಈಗಿನ ಹಾವೇರಿ ಜಿಲ್ಲೆಯ ಶಿಶುವಿನಹಾಳ ಗ್ರಾಮದವರು. ಕಳಸದ ಗೋವಿಂದಭಟ್ಟರ ಶಿಷ್ಯರು. ಕೆಲಕಾಲ ಶಾಲಾ ಶಿಕ್ಷಕರಾಗಿಯೂ ಇದ್ದರೆಂಬುದು ನಮ್ಮಂಥವರಿಗೆ ವಿಶೇಷ ಸಂತೋಷವನ್ನುಂಟುಮಾಡುವ ಸಂಗತಿ. ಅವರ ಪದಗಳು ಬಹುಕಾಲ ಭಜನೆಯ ಮೇಳಗಳಲ್ಲಿ ಏಕತಾರಿ, ದಮ್ಮಡಿ, ತಾಳಗಳೊಡನೆ ಬಾಯಿಂದ ಬಾಯಿಗೆ ನಡೆದುಬಂದವು. ಶ್ರೀ ರಘು ದೀಕ್ಷಿತರಾದರೋ ಮೈಸೂರಿನಲ್ಲಿ ಬೆಳೆದು ಭರತನಾಟ್ಯವನ್ನು ಅಭ್ಯಾಸಮಾಡಿದವರು. ಕನ್ನಡ, ಹಿಂದಿ, ಇಂಗ್ಲಿಷ್ ಮೂರೂ ಭಾಷೆಗಳ ಹಾಡುಗಳಿರುವ ಅವರ ಮೊದಲನೆಯ ಮುದ್ರಿಕೆಯಲ್ಲಿ ಶರೀಫರ 'ಗುಡುಗುಡಿಯ ಸೇದಿ ನೋಡೋ' ಎಂಬ ಪದವು ಜಾನಪದ ರಾಕ್ ಎಂದು ಕರೆಯಲ್ಪಡುವ ಶೈಲಿಯಲ್ಲಿ ಸೇರಿರುವುದು. 2013ರ 'ಜಗ್ ಚಂಗಾ' ಎಂಬ ಎರಡನೆಯ ಮುದ್ರಿಕೆಯಲ್ಲಿ 'ಲೋಕದ ಕಾಳಜಿ' ಬಂದಿತು. ಈ ನಡುವೆ, 2011ರಲ್ಲಿ, ಅವರ ತಂಡವು ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದಲ್ಲಿಯೂ ಹಾಡಿತು.

ಇನ್ನು ಕೇಳುಗರ ಪಕ್ಷಗಳು. ಇವು ಮೂರು.

ಮೊದಲನೆಯದು ನಿಷೇಧಪಕ್ಷ. ನಮ್ಮ ನೆರೆಯಲ್ಲಿ ಧಾರವಾಡದ ಕಡೆಯ ರಾಯರೊಬ್ಬರಿರುವರು. ವಿಮಾನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಬಾಲ್ಯದಲ್ಲಿ ಅಜ್ಜನ ಮಗ್ಗುಲಲ್ಲಿ ಕುಳಿತು ರಾತ್ರಿಯೆಲ್ಲ ಭಜನೆ ಕೇಳಿದವರು. ಅವರ ತೀರ್ಪು ಎರಡೇ ಮಾತಿನದು: "ಹಾಡಾ ಕೇಳಿದ್ವಿ ಮಾಸ್ತರ, ತತ್ತ್ವ ಕೇಳಲಿಲ್ಲ." ತತ್ತ್ವಪದವು ಕುಳಿತು ಕೇಳತಕ್ಕದ್ದು, ಕುಣಿದು ಕೇಳತಕ್ಕದ್ದಲ್ಲವೆಂಬುದು ಅವರ ಅಭಿಪ್ರಾಯ.

ಎರಡನೆಯದು ಮಂಡನಪಕ್ಷ. ಇದು ತರುಣರದು. ನಮ್ಮ ಬೀದಿಯ ಎಂಜಿನಿಯರ್ ಹುಡುಗನೊಬ್ಬನು ನಮ್ಮೆದುರಿಗೇ ಹೇಳಿದ ಮಾತಿದು: "ಮೇಷ್ಟ್ರೇ, ಈ ಹಾಡು ಬಾರದೆ ಇದ್ದಿದ್ದರೆ ಶರೀಫರ ಹೆಸರೇ ನನಗೆ ಗೊತ್ತಾಗುತ್ತಿರಲಿಲ್ಲ. ನಮಗೆ ಯಾರು ಹೇಳಿಕೊಟ್ಟಿದ್ದರು?" ಈ ಪ್ರಶ್ನೆಗೆ ಹಿರಿಯರಲ್ಲಿ ಉತ್ತರವಿಲ್ಲ.

ಮೂರನೆಯದನ್ನು ನಾದಪಕ್ಷವೆಂದು ಕರೆಯೋಣ. ದಂಡುಪ್ರದೇಶಕ್ಕೂ ಅದರ ಪೂರ್ವದ ಬಡಾವಣೆಗಳಿಗೂ ಇದು ಸಹಜವಾದುದು. 1940ರಲ್ಲಿ ವಿಮಾನ ಕಾರ್ಖಾನೆಯು ಸ್ಥಾಪಿತವಾದ ಮೇಲೆ ನಾನಾ ಪ್ರಾಂತಗಳ ಜನರು ಬಂದು ನೆಲೆಸಿದ ಊರು ನಮ್ಮದು. ಹಲಸೂರಿನಲ್ಲಂತೂ ಒಂದೇ ಬೀದಿಯಲ್ಲಿ ನಾಲ್ಕು ಭಾಷೆಗಳನ್ನು ಕೇಳಬಹುದು. ಅಲ್ಲಿಯ ತಮಿಳು ಮನೆಮಾತಿನ ತಾಯಿಯೊಬ್ಬರು, "ಅರ್ಥ ಗೊತ್ತಿಲ್ಲ ಸಾರ್, ಕೇಳಿದರೆ ಮನಸ್ಸಿಗೆ ಹಗುರವಾಗುತ್ತದೆ" ಎಂದರು. ಅರ್ಥವರಿಯದೆ ಆನಂದಿಸುವವರನ್ನು ಹಗುರವಾಗಿ ಕಾಣಕೂಡದು. ಮಂತ್ರವನ್ನೂ ಸ್ತೋತ್ರವನ್ನೂ ನಮ್ಮಲ್ಲಿ ಎಷ್ಟು ಮಂದಿ ಅರ್ಥವರಿತು ಹೇಳುತ್ತಿರುವರು?

ಈ ಮೂರು ಪಕ್ಷಗಳನ್ನು ತೂಗುವುದಕ್ಕೆ ತಕ್ಕಡಿಯೊಂದು ಬೇಕಷ್ಟೆ. ಅದು ನಮ್ಮ ಶಾಸ್ತ್ರದಲ್ಲಿಯೇ ಇರುವುದು. 13ನೆಯ ಶತಮಾನದ ಶಾರ್ಙ್ಗದೇವನು 'ಸಂಗೀತರತ್ನಾಕರ'ದಲ್ಲಿ ಹಾಡನ್ನು ಎರಡಾಗಿ ವಿಂಗಡಿಸುವನು. ಹಾಡಿನ ಸಾಹಿತ್ಯಭಾಗಕ್ಕೆ ಮಾತು ಎಂದೂ ಗೇಯಭಾಗಕ್ಕೆ ಧಾತು ಎಂದೂ ಹೆಸರು. ಎರಡನ್ನೂ ರಚಿಸಬಲ್ಲವನು ವಾಗ್ಗೇಯಕಾರನು. ಪರರ ಧಾತುವಿಗೆ ತನ್ನ ಮಾತನ್ನು ಹೊಂದಿಸುವವನನ್ನು ಕುಟ್ಟಿಕಾರನೆಂದು ಆತನು ಕರೆಯುವನು. ನಮ್ಮ ಹಳೆಯ ನಾಟಕದ ಹಾಡಿನ ಪುಸ್ತಕಗಳಲ್ಲಿ ಜನಪ್ರಿಯವಾದ ಬೇರೊಂದು ಹಾಡಿನ ಹೆಸರು ಹೇಳಿ 'ಎಂಬ ಮಟ್ಟು' ಎಂದು ಅಚ್ಚುಹಾಕುತ್ತಿದ್ದುದನ್ನು ಹಿರಿಯ ವಾಚಕರು ಬಲ್ಲರು. ಅದೇ ಕುಟ್ಟಿಕಾರನ ಕೆಲಸ. ದೀಕ್ಷಿತರು ಮಾಡಿರುವುದು ಇದಕ್ಕೆ ವಿಪರೀತವಾದುದು: ಮಾತು ಶರೀಫರದು, ಧಾತು ಇವರದು.

ಇದು ಅಪೂರ್ವವಾದ ಸಾಹಸವೂ ಅಲ್ಲ. ಪುರಂದರದಾಸರ ಕೃತಿಗಳ ಮೂಲಧಾತುಗಳು ಬಹುಮಟ್ಟಿಗೆ ಲುಪ್ತವಾಗಿ, ಇಂದು ಒಂದೇ ದೇವರನಾಮವನ್ನು ಒಬ್ಬರು ಒಂದು ರಾಗದಲ್ಲಿಯೂ ಇನ್ನೊಬ್ಬರು ಇನ್ನೊಂದು ರಾಗದಲ್ಲಿಯೂ ಹಾಡುವರು. 12ನೆಯ ಶತಮಾನದ ವಚನಗಳನ್ನು ಮಲ್ಲಿಕಾರ್ಜುನ ಮನ್ಸೂರರು ಹಿಂದೂಸ್ತಾನಿ ಪದ್ಧತಿಯಲ್ಲಿ ಹಾಡಿದಾಗ ನಾವೆಲ್ಲರೂ ತಲೆದೂಗಿದೆವು. ಶರೀಫರ ಪದಗಳನ್ನೇ ಶ್ರೀ ಸಿ. ಅಶ್ವಥ್ ಅವರು ವಾದ್ಯವೃಂದದೊಡನೆ ಮನೆಮನೆಗೆ ಮುಟ್ಟಿಸಿದರು. 1990ರಲ್ಲಿ ಶ್ರೀ ಟಿ. ಎಸ್. ನಾಗಾಭರಣರ 'ಸಂತ ಶಿಶುನಾಳ ಶರೀಫ' ಚಿತ್ರವು ಬಂದಾಗ ಅದಕ್ಕೆ ಸಂಗೀತವೂ ಅವರದೇ. ಇಂದು ಗಿಟಾರನ್ನು ನಿಂದಿಸುವ ಹಿರಿಯರಲ್ಲಿ ಅನೇಕರು 'ಹಳೆಯ ಧಾಟಿ' ಎಂದು ನೆನೆಯುವುದು ಈ ಧ್ವನಿಸುರುಳಿಗಳನ್ನೇ ಹೊರತು ಏಕತಾರಿಯನ್ನಲ್ಲ! ವಾದ್ಯದ ಮಡಿಯೂ ಹೀಗೆಯೇ. ಪಿಟೀಲು ಹೊರದೇಶದಿಂದ ಬಂದು ಕರ್ನಾಟಕ ಸಂಗೀತದ ವೇದಿಕೆಯಲ್ಲಿ ಗಟ್ಟಿಯಾಗಿ ಕುಳಿತುಬಿಟ್ಟಿತು. ಹಾರ್ಮೋನಿಯಮ್ಮಿಗೆ 1940ರಲ್ಲಿ ಅಖಿಲ ಭಾರತ ರೇಡಿಯೋದಲ್ಲಿ ಪ್ರವೇಶ ನಿಷಿದ್ಧವಾಗಿ, 1971ರವರೆಗೂ ಹಾಗೆಯೇ ಇದ್ದಿತು. ಇಂದು ಅದಿಲ್ಲದ ಭಜನೆಯುಂಟೆ?

ಯೂರೋಪಿನಲ್ಲಿ ವಿದ್ಯಾಪುನರುಜ್ಜೀವನ ಕಾಲವೆಂದು ಹೆಸರಾದ 15 ಮತ್ತು 16ನೆಯ ಶತಮಾನಗಳಲ್ಲಿಯೂ ಇದೇ ವ್ಯಾಜ್ಯವು ನಡೆದುದನ್ನು ಇಲ್ಲಿ ನೆನೆಯಬೇಕು. ಪುರಂದರದಾಸರು (1484–1564) ಬಾಳಿದ ಕಾಲವೂ ಅದೇ. 'ಶಸ್ತ್ರಧಾರಿ' ಎಂಬರ್ಥದ ಒಂದು ಬೀದಿಯ ಹಾಡಿನ ಧಾಟಿಯನ್ನು ತೆಗೆದುಕೊಂಡು ದ್ಯುಫೇ, ಜೋಸ್ಕಿನ್, ಪ್ಯಾಲೆಸ್ಟ್ರಿನಾ ಮೊದಲಾದ ಮಹಾ ಸಂಗೀತಗಾರರು ಇಗರ್ಜಿಯ ಪೂಜಾಸಂಗೀತವನ್ನು ರಚಿಸಿದರು. ಟ್ರೆಂಟ್ ಪಟ್ಟಣದಲ್ಲಿ ನೆರೆದ ಧರ್ಮಸಭೆಯು 1562ರಲ್ಲಿ, ಅಶುದ್ಧವಾದ ಸಂಗೀತವನ್ನು ಇಗರ್ಜಿಯಿಂದ ದೂರವಿಡಬೇಕೆಂದು ವಿಧಿಸಿತು. ಹಲವು ಕಂಠಗಳು ಏಕಕಾಲದಲ್ಲಿ ಬೇರೆ ಬೇರೆ ಎಳೆಗಳನ್ನು ಹಾಡುವಾಗ ಮಾತೇ ಕೇಳಿಸುವುದಿಲ್ಲವೆಂಬ ಆಕ್ಷೇಪವೂ ಆಗ ಪ್ರಬಲವಾಗಿದ್ದಿತು. 1581ರಲ್ಲಿ ಫ್ಲಾರೆನ್ಸಿನ ವಿಂಚೆನ್ಜೊ ಗೆಲಿಲಿ ಎಂಬಾತನು—ಖಗೋಳಶಾಸ್ತ್ರಜ್ಞ ಗೆಲಿಲಿಯೊವಿನ ತಂದೆ, ತಾನೇ ಲ್ಯೂಟ್ ಎಂಬ ತಂತಿವಾದ್ಯವನ್ನು ನುಡಿಸುವವನು—ಒಂದು ಸಂವಾದಗ್ರಂಥವನ್ನು ಬರೆದು, ಮಾತನ್ನು ನುಂಗುವ ಸಂಗೀತವನ್ನು ಖಂಡಿಸಿದನು.

ಅದೇ ಕಾಲದ ಹಾಡುಗಳನ್ನು ನಾಲ್ಕು ಶತಮಾನಗಳ ಬಳಿಕ ಇಂಗ್ಲೆಂಡಿನ ಜಾನಪದ ರಾಕ್ ತಂಡಗಳು ಮತ್ತೆ ಕೈಗೆತ್ತಿಕೊಂಡವು. 1582ರಲ್ಲಿ ಅಚ್ಚಾದ ಸಂಗ್ರಹವೊಂದರಲ್ಲಿದ್ದ 'ಗೌದೇತೆ' ಎಂಬ ಲ್ಯಾಟಿನ್ ಕೀರ್ತನೆಯನ್ನು ಸ್ಟೀಲೈ ಸ್ಪ್ಯಾನ್ ಎಂಬ ತಂಡವು 1972ರ ತನ್ನ ಮುದ್ರಿಕೆಯಲ್ಲಿ ಸೇರಿಸಿತು. ಸ್ವಾರಸ್ಯವೇನೆಂದರೆ, ರಾಕ್ ವಾದ್ಯಗಳಲ್ಲಿ ನುರಿತ ಆ ತಂಡವು ಈ ಹಾಡಿಗೆ ವಾದ್ಯವನ್ನೇ ಮುಟ್ಟದೆ, ಬರಿಯ ಕಂಠಗಳಿಂದ ಹಾಡಿತು. ಲ್ಯಾಟಿನ್ ಅರಿಯದ ಸಾವಿರಾರು ಜನರು ಅದನ್ನು ಕೊಂಡು ಕೇಳಿದರು. ಹೊಸ ವಾದ್ಯವು ಕೈಯಲ್ಲಿರುವುದು ದೋಷವಲ್ಲ. ಎಲ್ಲಿ ಅದನ್ನು ಕೆಳಗಿಡಬೇಕೆಂಬುದನ್ನು ಅರಿತಿರುವುದೇ ಗುಣ.

ಆದುದರಿಂದ ನಮ್ಮ ಸಿದ್ಧಾಂತವು ಇಂತಿರುವುದು. ಧಾತುವನ್ನು ಬದಲಿಸುವುದು ಅಪರಾಧವಲ್ಲ; ಆದರೆ ಮಾತು ಕೇಳುಗನ ಕಿವಿಯನ್ನು ಮುಟ್ಟಲೇಬೇಕು. ಈ ಪರೀಕ್ಷೆಯಲ್ಲಿ ದೀಕ್ಷಿತರ ಹಾಡು ಬಹುಮಟ್ಟಿಗೆ ತೇರ್ಗಡೆಯಾಗುವುದು. ಅವರದು ತುಂಬುಕಂಠ, ಚರಣಗಳಲ್ಲಿ ಉಚ್ಚಾರಣೆಯು ಸ್ಪಷ್ಟವಾಗಿರುವುದು. ಆದರೆ ವಾದ್ಯಗಳೆಲ್ಲವೂ ಒಟ್ಟಿಗೆ ಮೊಳಗುವ ಕಡೆಯಲ್ಲಿ ಪಲ್ಲವಿಯೊಂದೇ ಉಳಿಯುವುದು. ಸಭೆಯಲ್ಲಿ ಜನರು ಕೂಡಿ ಹಾಡುವುದೂ ಪಲ್ಲವಿಯನ್ನೇ. ಅಪಾಯವಿರುವುದು ಇಲ್ಲಿಯೇ.

ಹೇಗೆಂದರೆ, ಈ ಪದದ ಪಲ್ಲವಿಯು ಗುಡುಗುಡಿಯನ್ನು ಸೇದಿ ನೋಡೆಂದು ಕರೆಯುವುದು. ಅಷ್ಟನ್ನೇ ಕೇಳಿದವನಿಗೆ ಅದು ಧೂಮಪಾನದ ಆಹ್ವಾನ. ಚರಣಗಳನ್ನು ಕೇಳಿದವನಿಗೆ ಮಾತ್ರ ಮನಸ್ಸೇ ಸಂಚಿ, ಮೋಹವೇ ಅದರೊಳಗಿನ ಭಂಗಿ, ಶರೀರವೇ ಬುರುಡೆ ಎಂಬ ರೂಪಕವು ಬಿಚ್ಚಿಕೊಳ್ಳುವುದು. ಹೊಗೆಯಾಗಿ ಹೋಗಬೇಕಾದುದು ತಂಬಾಕಲ್ಲ, ನಮ್ಮ ಮೋಹ. ನಮಗೆ ಪರಿಚಿತನಾದ ಕಾಲೇಜು ಹುಡುಗನೊಬ್ಬನು ಇಂದಿರಾನಗರದ ಒಂದು ಕೂಟದಲ್ಲಿ ಗೆಳೆಯರೊಡನೆ ಹುಕ್ಕಾ ಸೇದುತ್ತ ಈ ಪಲ್ಲವಿಯನ್ನು ಹಾಡಿದನೆಂದು ಅವನ ತಾಯಿ ಬಂದು ಕಣ್ಣೀರಿಟ್ಟರು. "ದೊಡ್ಡವರೇ ಹೇಳಿದ್ದಾರಲ್ಲಮ್ಮ" ಎಂದು ಅವನು ವಾದಿಸಿದನಂತೆ! ಕರ್ನಾಟಕ ಸರ್ಕಾರವು 2024ರಲ್ಲಿ ಹುಕ್ಕಾವನ್ನು ನಿಷೇಧಿಸಿತು, ಸರಿ. ಆದರೆ ಸಂತನ ಮಾತನ್ನು ದುರ್ವ್ಯಸನಕ್ಕೆ ಪ್ರಮಾಣವಾಗಿ ಎತ್ತಿಕೊಳ್ಳುವ ಅಜ್ಞಾನವನ್ನು ಯಾವ ಸರ್ಕಾರವು ನಿಷೇಧಿಸಬಲ್ಲದು?

ಆ ತಾಯಿಯು ಹಾಡನ್ನೇ ದೂಷಿಸಿದರು. ನಾವು ಒಪ್ಪಲಿಲ್ಲ. ಗಾಯಕನು ಹಾಡನ್ನು ಬಾಗಿಲವರೆಗೆ ತಂದುಕೊಟ್ಟನು; ಒಳಗೆ ಕರೆದು ಕೂರಿಸಿ ಮಾತನಾಡಿಸಬೇಕಾದವರು ಮನೆಯವರು. ಮನೆಯಲ್ಲಿ ಆ ಹುಡುಗನಿಗೆ ಚರಣದ ಅರ್ಥವನ್ನು ಹೇಳಿದವರಾರು? ಪಲ್ಲವಿಯು ಪೇಟೆಯಲ್ಲಿ ದೊರೆಯುವುದು, ಚರಣವು ಮನೆಯಲ್ಲಿ ದೊರೆಯಬೇಕು. ಅವರ ಕೋರಿಕೆಯಂತೆ ಹುಡುಗನು ಒಂದು ಭಾನುವಾರ ನಮ್ಮಲ್ಲಿಗೆ ಬಂದನು. ನಾವು ಉಪದೇಶಿಸಲಿಲ್ಲ, ಚರಣಗಳನ್ನು ಬರೆದುಕೊಂಡು ಬಾ ಎಂದೆವು. ಮರುವಾರ ಬರೆದು ತಂದನು. ಓದುತ್ತ ಓದುತ್ತ 'ಮೋಹದ ಭಂಗಿ' ಎಂಬಲ್ಲಿಗೆ ತಾನೇ ನಿಂತು, "ಇದು ಬೇರೆಯೇ ಇದೆಯಲ್ಲ ಸಾರ್" ಎಂದನು. ನಮಗೆ ಅಷ್ಟೇ ಸಾಕಾಯಿತು.

ಶರೀಫರು ಹೊಸತಕ್ಕೆ ಹೆದರಿದವರಲ್ಲವೆಂಬುದನ್ನೂ ನಿಷೇಧಪಕ್ಷದವರು ಮರೆಯಬಾರದು. ಅವರ ಕಾಲಕ್ಕೆ ಹೊಸದಾಗಿ ಬಂದ ಗಿರಣಿಯನ್ನು ಕಂಡು 'ಗಿರಣಿ ವಿಸ್ತಾರ ನೋಡಮ್ಮ' ಎಂದು ಹಾಡಿ, ಯಂತ್ರದಲ್ಲಿಯೂ ಅವರು ದೇಹತತ್ತ್ವವನ್ನು ಕಂಡರು. ಹುಕ್ಕಾದಲ್ಲಿ, ಸೋರುವ ಮಾಳಿಗೆಯಲ್ಲಿ, ಗಿರಣಿಯಲ್ಲಿ ತತ್ತ್ವವನ್ನು ಕಂಡ ಕಣ್ಣಿಗೆ ಗಿಟಾರು ಮಾತ್ರ ಅಸ್ಪೃಶ್ಯವಾದೀತೆ? ಧಾರವಾಡದ ರಾಯರಿಗೆ ನಾವು ಹೀಗೆಂದಾಗ ಅವರು ಒಂದು ನಿಮಿಷ ಸುಮ್ಮನಿದ್ದು, "ಹಂಗಾದರ ಹಾಡಲಿ ಬಿಡ್ರಿ. ಆದರ ಅರ್ಥಾ ಹೇಳೋರು ಯಾರು?" ಎಂದರು. ಹೇಳತಕ್ಕವರು ತಾವೇ ಎಂದೆವು. ಈಗ ಬೀದಿಯ ಮಕ್ಕಳು ನಾಲ್ಕೈದು ಮಂದಿ ಸಂಜೆ ಅವರ ಜಗುಲಿಯಲ್ಲಿ ಸೇರುವುದುಂಟು. ದೂರವಾಣಿಯಲ್ಲಿ ದೀಕ್ಷಿತರ ಹಾಡನ್ನು ಮೊದಲು ಹಾಕುವರು, ಆಮೇಲೆ ರಾಯರು ದಮ್ಮಡಿ ತಟ್ಟಿ ತಮ್ಮ ಅಜ್ಜನ ಧಾಟಿಯಲ್ಲಿ ಹಾಡುವರು.

ವಾಚಕ ಮಹಾಶಯರಲ್ಲಿಯೂ ಗೃಹಿಣಿಯರಲ್ಲಿಯೂ ನಮ್ಮ ವಿಜ್ಞಾಪನೆಯಿಷ್ಟೆ. ಮಕ್ಕಳು ಇಂಥ ಹಾಡನ್ನು ಹಾಕಿದಾಗ ಸದ್ದೆಂದು ಗದರಿಸಿ ನಿಲ್ಲಿಸಬೇಡಿರಿ. ಹಾಡು ಮುಗಿಯುವವರೆಗೆ ಕಾದು, 'ಎರಡನೆಯ ಚರಣದಲ್ಲಿ ಏನು ಹೇಳಿದರು?' ಎಂದು ಕೇಳಿರಿ. ಅವರಿಗೆ ತಿಳಿಯದಿದ್ದರೆ ನೀವು ಹೇಳಿರಿ. ನಿಮಗೂ ತಿಳಿಯದಿದ್ದರೆ ಕೂಡಿ ಪುಸ್ತಕವನ್ನು ತೆರೆಯಿರಿ. ನಮ್ಮವರಲ್ಲದ ನೆರೆಯವರು ಕೇಳಿದರೆ ಅವರಿಗೂ ತಿಳಿಸಿರಿ. ಹಲಸೂರಿನ ಆ ತಾಯಿಯು ಅರ್ಥವನ್ನು ಕೇಳಿ ತಿಳಿದ ಮೇಲೆ ಹಾಡು ಇನ್ನೂ ಚೆನ್ನಾಯಿತೆಂದು ಹೇಳಿಕಳುಹಿಸಿರುವರು. ಧಾತುವು ಕಾಲಕಾಲಕ್ಕೆ ಮಾರ್ಪಡುವುದು. ಮಾತು ಉಳಿಯಬೇಕಾದರೆ ಅದನ್ನು ಬಲ್ಲವರು ಮನೆಗೊಬ್ಬರಾದರೂ ಇರಬೇಕು.