ಸಜಾತಿ ಪದಗಳು ಮತ್ತು ಜ್ವರದ ಮಾತ್ರೆ



ಬೀಜಗಣಿತದ ಮೊದಲ ಪಾಠದಲ್ಲಿ ನಾನು ನಿಮ್ಮಿಂದ ಬರೆಸುತ್ತಿದ್ದ ವಾಕ್ಯ ಕೆಲವರಿಗಾದರೂ ನೆನಪಿದ್ದೀತು: ಸಜಾತಿ ಪದಗಳನ್ನು ಕೂಡಿಸಿರಿ, ವಿಜಾತಿ ಪದಗಳನ್ನು ಹಾಗೆಯೇ ಬಿಡಿರಿ. ಸೇವೆಯಲ್ಲಿದ್ದಷ್ಟು ಕಾಲವೂ ಇದನ್ನೇ ಬೋಧಿಸಿದ ನಾನು ಕಳೆದ ಮಳೆಗಾಲದಲ್ಲಿ ಅದೇ ಪಾಠದಲ್ಲಿ ಅನುತ್ತೀರ್ಣನಾದೆ. ಆ ಕಥೆಯನ್ನು ಮರೆಮಾಚದೆ ಹೇಳುವುದು ನನ್ನ ಕರ್ತವ್ಯವೆಂದು ಭಾವಿಸಿ ಇದನ್ನು ಬರೆಯುತ್ತಿದ್ದೇನೆ.

ಜ್ವರ, ನೆಗಡಿ, ಅದರ ಮೇಲೆ ಹಳೆಯ ಮಂಡಿನೋವು. ಮೂರೂ ಒಟ್ಟಿಗೆ ಬಂದಿದ್ದವು. ಜ್ವರಕ್ಕೆಂದು 650 ಮಿಲಿಗ್ರಾಮಿನ ಮಾತ್ರೆಯನ್ನು ದಿನಕ್ಕೆ ನಾಲ್ಕು ಬಾರಿ, ನೆಗಡಿಗೆಂದು ಇನ್ನೊಂದನ್ನು ಮೂರು ಬಾರಿ, ಮಂಡಿನೋವಿಗೆ ವೈದ್ಯರು ಹಿಂದೆಂದೋ ಬರೆದುಕೊಟ್ಟು ಡಬ್ಬಿಯಲ್ಲಿ ಉಳಿದಿದ್ದುದನ್ನು ಎರಡು ಬಾರಿ ನುಂಗಿದೆ. ಮೂರು ಕಾಯಿಲೆಗಳಿಗೆ ಮೂರು ಔಷಧಗಳು ಎಂಬ ಸಮಾಧಾನ ನನ್ನದು. ಮೂರನೆಯ ದಿನ ಬೆಳಿಗ್ಗೆ ಮತ್ತಷ್ಟು ಮಾತ್ರೆ ತರಲು ಔಷಧದಂಗಡಿಗೆ ಹೋದಾಗ, ಅಲ್ಲಿದ್ದ ನನ್ನ ಹಳೆಯ ವಿದ್ಯಾರ್ಥಿ ಕೊಡಲಿಲ್ಲ. "ಮನೆಯಲ್ಲಿ ಬೇರೆ ಏನೇನು ತೆಗೆದುಕೊಳ್ಳುತ್ತಿದ್ದೀರಿ, ಸಾರ್?" ಎಂದು ಕೇಳಿದ. ಹೇಳಿದೆ. ಆತ ಒಂದು ಚೀಟಿಯ ಹಿಂಬದಿಯಲ್ಲಿ ಲೆಕ್ಕ ಬರೆದು ನನ್ನ ಮುಂದಿಟ್ಟ.

650ರಂತೆ ನಾಲ್ಕು, 2600. ನೆಗಡಿಯ ಮಾತ್ರೆಯೊಳಗೆ 500ರಂತೆ ಮೂರು, 1500. ಮಂಡಿನೋವಿನ ಮಾತ್ರೆಯೊಳಗೆ 325ರಂತೆ ಎರಡು, 650. ಒಟ್ಟು 4750 ಮಿಲಿಗ್ರಾಂ. ಎಲ್ಲವೂ ಒಂದೇ ವಸ್ತು, ಪ್ಯಾರಾಸಿಟಮಾಲ್. ಆರೋಗ್ಯವಂತ ವಯಸ್ಕರಿಗೂ ದಿನವೊಂದಕ್ಕೆ 4000 ಮಿಲಿಗ್ರಾಮನ್ನು ಮೀರಬಾರದೆಂಬ ನಿಯಮವಿದೆ. ನಾನಾದರೋ 48 ಕಿಲೋ ತೂಕದ ಮುದುಕ. ಜ್ವರದಿಂದ ಎರಡು ದಿನ ಸರಿಯಾಗಿ ಊಟವನ್ನೂ ಮಾಡಿರಲಿಲ್ಲ. ನನ್ನಂಥವರಿಗೆ ಮಿತಿ ಇನ್ನೂ ಕಡಿಮೆ.

ಅಂದೇ ವೈದ್ಯರಲ್ಲಿಗೆ ಹೋದೆ. ರಕ್ತಪರೀಕ್ಷೆಯಲ್ಲಿ ಯಕೃತ್ತಿನ ಅಂಶಗಳು ಕೊಂಚ ಏರಿದ್ದವು. ಮಾತ್ರೆಗಳನ್ನು ನಿಲ್ಲಿಸಿದ ಮೇಲೆ ಕೆಲವು ವಾರಗಳಲ್ಲಿ ಇಳಿದವು. ನಾನು ಪಾರಾದುದು ಜಾಣತನದಿಂದಲ್ಲ, ಆ ಹುಡುಗ ಕೇಳಿದ ಒಂದು ಪ್ರಶ್ನೆಯಿಂದ.

ಪ್ಯಾರಾಸಿಟಮಾಲ್ ಕೆಟ್ಟ ಔಷಧವೆಂದು ಯಾರೂ ತಿಳಿಯಬಾರದು. ಮಿತಿಯಲ್ಲಿ ಬಳಸಿದರೆ ಅದು ಅತ್ಯಂತ ಸುರಕ್ಷಿತವಾದವುಗಳಲ್ಲಿ ಒಂದು. ಡೆಂಗಿಯ ಶಂಕೆಯಿರುವಾಗ ರಕ್ತಸ್ರಾವದ ಭಯದಿಂದ ಆಸ್ಪಿರಿನ್, ಐಬುಪ್ರೊಫೆನ್‌ಗಳನ್ನು ದೂರವಿಟ್ಟು ವೈದ್ಯರು ಜ್ವರಕ್ಕೆ ಕೊಡುವುದು ಇದನ್ನೇ. ನಮ್ಮ ದೇಹದಲ್ಲಿ ಇದರ ಬಹುಭಾಗವನ್ನು ಯಕೃತ್ತು ನಿರುಪದ್ರವಿಯಾಗಿ ಮಾಡಿ ಹೊರಗೆ ಕಳುಹಿಸುತ್ತದೆ. ಸಣ್ಣದೊಂದು ಭಾಗ ಮಾತ್ರ ವಿಷವಾಗಿ ಮಾರ್ಪಡುತ್ತದೆ. ಆ ವಿಷವನ್ನು ಗ್ಲುಟಾಥಯೋನ್ ಎಂಬ ವಸ್ತು ಅಡಗಿಸುತ್ತದೆ. ಮಾತ್ರೆ ಹೆಚ್ಚಾದರೆ ಆ ದಾಸ್ತಾನು ಬರಿದಾಗಿ, ವಿಷವು ಯಕೃತ್ತಿನ ಮೇಲೆಯೇ ತಿರುಗಿಬೀಳುತ್ತದೆ. ಉಪವಾಸವಿದ್ದವರಲ್ಲಿ, ನಿತ್ಯ ಮದ್ಯಪಾನ ಮಾಡುವವರಲ್ಲಿ ಅಪಾಯ ಹೆಚ್ಚು.

ಇದರ ಭಯಂಕರ ಗುಣವೆಂದರೆ ಮೌನ. ಮೊದಲ ದಿನ ಬರಿಯ ವಾಕರಿಕೆ, ಸುಸ್ತು; ಎಷ್ಟೋ ವೇಳೆ ಅದೂ ಇಲ್ಲ. ಯಕೃತ್ತಿನ ಹಾನಿ ತೋರುವುದು ಎರಡು ಮೂರು ದಿನಗಳ ಅನಂತರ. ಅಸಿಟೈಲ್‌ಸಿಸ್ಟೀನ್ ಎಂಬ ಪ್ರತ್ಯೌಷಧವಿದೆ. ಒಮ್ಮೆಗೇ ಹೆಚ್ಚು ನುಂಗಿದ್ದರೆ, ಎಂಟು ಗಂಟೆಗಳೊಳಗೆ ಕೊಟ್ಟಾಗ ಅದು ಅತ್ಯುತ್ತಮವಾಗಿ ಕೆಲಸ ಮಾಡುತ್ತದೆ. ಆದುದರಿಂದ ಮಿತಿ ಮೀರಿತೆಂದು ತಿಳಿದ ಕೂಡಲೇ, ಲಕ್ಷಣಗಳಿಗಾಗಿ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಕ್ರೋಸಿನ್, ಕ್ಯಾಲ್ಪಾಲ್, ಡೋಲೋ ಎಲ್ಲವೂ ಪ್ಯಾರಾಸಿಟಮಾಲೇ. ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋಗುವ ಹಿರಿಯರು ಇನ್ನೊಂದನ್ನು ನೆನಪಿಡಬೇಕು. ಅಲ್ಲಿ ಇದೇ ವಸ್ತುವಿಗೆ ಅಸಿಟಮಿನೋಫೆನ್ ಎಂದು ಹೆಸರು. ಟೈಲೆನಾಲ್ ಎಂಬುದು ಅದೇ. ಊರಿನಿಂದ ಒಯ್ದದ್ದನ್ನು ಬೆಳಿಗ್ಗೆ, ಮಗಳು ಕೊಟ್ಟದ್ದನ್ನು ಮಧ್ಯಾಹ್ನ ನುಂಗಿದರೆ ಅವೂ ಸಜಾತಿ ಪದಗಳೇ. 2011ರಲ್ಲಿ ಅಲ್ಲಿಯ ಔಷಧ ನಿಯಂತ್ರಣ ಸಂಸ್ಥೆಯು, ವೈದ್ಯರ ಚೀಟಿಯಿಂದ ದೊರೆಯುವ ಮಿಶ್ರ ಮಾತ್ರೆಗಳಲ್ಲಿ ಈ ವಸ್ತುವಿನ ಪ್ರಮಾಣ 325 ಮಿಲಿಗ್ರಾಮನ್ನು ಮೀರದಂತೆ ಮಾಡಲು ಕಂಪನಿಗಳಿಗೆ ಸೂಚಿಸಿತು.

ನಮ್ಮಲ್ಲಿಯೂ 2018ರಲ್ಲಿ ಔಷಧ ನಿಯಮಗಳಿಗೆ ಒಂದು ಒಳ್ಳೆಯ ತಿದ್ದುಪಡಿಯಾಯಿತು: ಔಷಧದ ನಿಜನಾಮವನ್ನು ವ್ಯಾಪಾರನಾಮಕ್ಕಿಂತ ಕನಿಷ್ಠ ಎರಡು ಅಳತೆ ದೊಡ್ಡದಾಗಿ ಮುದ್ರಿಸಬೇಕು. ಆದರೆ ಮೂರು ಅಥವಾ ಹೆಚ್ಚು ಔಷಧಗಳ ಮಿಶ್ರಣಕ್ಕೆ ವಿನಾಯಿತಿ ಕೊಟ್ಟರು. ನೆಗಡಿಯ ಮಾತ್ರೆಗಳು ಬಹುಪಾಲು ಇಂಥ ಮಿಶ್ರಣಗಳೇ ಅಲ್ಲವೇ? ಎಲ್ಲಿ ಪ್ಯಾರಾಸಿಟಮಾಲ್ ಅಡಗಿ ಕುಳಿತಿರುತ್ತದೆಯೋ ಅಲ್ಲಿಯೇ ಅಕ್ಷರ ಸಣ್ಣದಾದರೆ ಹೇಗೆ? ಈ ವಿನಾಯಿತಿ ತೊಲಗಬೇಕು. "ಇದರಲ್ಲಿ ಪ್ಯಾರಾಸಿಟಮಾಲ್ ಇದೆ" ಎಂಬ ಒಂದು ಸಾಲು ಕನ್ನಡದಲ್ಲಿಯೂ ಇರಬೇಕು ಎಂಬುದು ನನ್ನ ಅಭಿಪ್ರಾಯ. ಕನ್ನಡಕ ಹಾಕಿಯೂ ಓದಲಾಗದ ಇಂಗ್ಲಿಷ್ ಅಕ್ಷರಗಳು ಹಳ್ಳಿಯ ಅಜ್ಜಿಗೆ ಯಾವ ಎಚ್ಚರಿಕೆ ಕೊಟ್ಟಾವು?

ಮಕ್ಕಳ ವಿಷಯದಲ್ಲಿ ಲೆಕ್ಕ ಇನ್ನೂ ಬಿಗಿಯಾಗಿರಬೇಕು. ಪ್ರಮಾಣ ನಿಲ್ಲುವುದು ತೂಕದ ಮೇಲೆ: ಒಂದು ಬಾರಿಗೆ ಕಿಲೋ ಒಂದಕ್ಕೆ 10ರಿಂದ 15 ಮಿಲಿಗ್ರಾಂ, ನಡುವೆ ಕನಿಷ್ಠ ನಾಲ್ಕು ಗಂಟೆ, ದಿನಕ್ಕೆ ನಾಲ್ಕು ಬಾರಿಗಿಂತ ಹೆಚ್ಚಿಲ್ಲ. ಹಸುಳೆಗಳ ಹನಿ ಔಷಧದಲ್ಲಿ ಒಂದು ಮಿಲಿಲೀಟರಿಗೇ 100 ಮಿಲಿಗ್ರಾಂ ಇರುವುದುಂಟು. ಸಿರಪ್ಪಿನಲ್ಲಾದರೆ ಐದು ಮಿಲಿಲೀಟರಿಗೆ 120 ಅಥವಾ 250. ಹನಿ ಔಷಧವನ್ನು ಸಿರಪ್ಪೆಂದು ಐದು ಮಿಲಿಲೀಟರ್ ಕುಡಿಸಿದರೆ ಮಗುವಿಗೆ ಹೋಗುವುದು 500. ಅಡುಗೆಮನೆಯ ಚಮಚವನ್ನು ಬಿಟ್ಟು, ಸೀಸೆಯೊಡನೆ ಬಂದ ಅಳತೆಯನ್ನೇ ಬಳಸಿರಿ. ತೀರ ಎಳೆಯ ಕೂಸಿನ ಜ್ವರಕ್ಕೆ ವೈದ್ಯರೇ ಬೇಕು.

ಈಗ ನಮ್ಮ ಮನೆಯ ಮಾತ್ರೆ ಡಬ್ಬಿಯ ಮುಚ್ಚಳದ ಒಳಬದಿಗೆ ಒಂದು ಕಾಗದ ಅಂಟಿಸಿದ್ದೇನೆ. ಮಾತ್ರೆ ನುಂಗಿದಾಗಲೆಲ್ಲ ಗಂಟೆ ಮತ್ತು ಮಿಲಿಗ್ರಾಂ ಅದರಲ್ಲಿ ದಾಖಲಾಗುತ್ತದೆ. ಹಳೆಯ ಸ್ಟ್ರಿಪ್ಪುಗಳನ್ನೆಲ್ಲ ತೆಗೆದೆ. ಜ್ವರ ಮೂರು ದಿನ ಮೀರಿದರೆ ಮಾತ್ರೆಯನ್ನು ನಂಬದೆ ವೈದ್ಯರನ್ನು ಕಾಣುವುದೆಂದು ಮನೆಯವರೂ ನಾನೂ ಒಪ್ಪಿದ್ದೇವೆ.

ಆ ಚೀಟಿಯನ್ನು ಜೋಪಾನವಾಗಿಟ್ಟುಕೊಂಡಿದ್ದೇನೆ. ಹುಡುಗ ಏಳನೆಯ ತರಗತಿಯಲ್ಲಿ ಗಣಿತದಲ್ಲಿ ಹಿಂದಿದ್ದವನು. ನನ್ನಿಂದ ಬೈಸಿಕೊಂಡದ್ದೂ ಉಂಟು. ಅಂದು ಅವನ ಕೂಡಿಕೆ ಸರಿಯಾಗಿತ್ತು, ನನ್ನದು ತಪ್ಪಾಗಿತ್ತು. ಇದನ್ನು ಓದಿದವರು ಇಂದೇ ನಿಮ್ಮ ಮನೆಯ ಡಬ್ಬಿಯನ್ನು ತೆರೆದು, ಎಷ್ಟು ಹೆಸರುಗಳ ಅಡಿಯಲ್ಲಿ ಅದೇ ವಸ್ತು ಇದೆಯೆಂದು ಎಣಿಸಿರಿ. ಇದು ಮೇಷ್ಟರು ಕೊಡುವ ಮನೆಗೆಲಸ.