ದೀಪ ಉರಿಯಬೇಕಾದರೆ ಎಣ್ಣೆಯೂ ಬೇಕು

ಪ್ರತಿವರ್ಷ ಮೇ 12ರಂದು, ಫ್ಲಾರೆನ್ಸ್ ನೈಟಿಂಗೇಲರ ಜನ್ಮದಿನವನ್ನು, ನಮ್ಮ ಆಸ್ಪತ್ರೆಗಳಲ್ಲಿ ದಾದಿಯರ ದಿನವೆಂದು ಆಚರಿಸುತ್ತಾರೆ. ದೀಪ ಬೆಳಗಲಾಗುತ್ತದೆ, ಪ್ರತಿಜ್ಞೆ ಬೋಧಿಸಲಾಗುತ್ತದೆ, ಗಣ್ಯರು ಸೇವೆಯ ಮಹಿಮೆಯನ್ನು ಕೊಂಡಾಡುತ್ತಾರೆ. ಆದರೆ ಮುಂದಿನ ಮೇ ತಿಂಗಳು ಬರುವಷ್ಟರಲ್ಲಿ, ಅಂದು ದೀಪ ಹಿಡಿದ ಕೈಗಳಲ್ಲಿ ಎಷ್ಟು ಕೈಗಳು ಅದೇ ಆಸ್ಪತ್ರೆಯಲ್ಲಿ ಉಳಿದಿರುತ್ತವೆ ಎಂಬ ಲೆಕ್ಕವನ್ನು ವೇದಿಕೆಯಿಂದ ಯಾರೂ ಓದುವುದಿಲ್ಲ. ಈ ವಾರ ನಾವು ಆ ಲೆಕ್ಕದ ಕುರಿತು ಆಲೋಚಿಸೋಣ.

ರೋಗಿಗಳ ಆರೈಕೆ ನಮ್ಮ ಧರ್ಮಸಭೆಗೆ ಹೊಸತಲ್ಲ. ಫಾದರ್ ಅಗಸ್ಟಸ್ ಮುಲ್ಲರ್ ಅವರು 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಆರಂಭಿಸಿದ ಕಾರ್ಯ ಇಂದು ಹೆಮ್ಮರವಾಗಿದೆ. ಬೆಂಗಳೂರಿನ ಸಂತ ಮಾರ್ತಾ ಆಸ್ಪತ್ರೆ 1886ರಿಂದ ಬಡವರ ಆಸರೆಯಾಗಿದೆ. ಆಸ್ಟ್ರೇಲಿಯಾದಿಂದ ಬಂದು ಗುಂಟೂರಿನಲ್ಲಿ ವೈದ್ಯರಾಗಿ ದುಡಿದ ಧರ್ಮಭಗಿನಿ ಮೇರಿ ಗ್ಲೌರಿ ಅವರು 1943ರಲ್ಲಿ ಕಥೋಲಿಕ ಆಸ್ಪತ್ರೆಗಳ ಸಂಘಕ್ಕೆ ಅಡಿಪಾಯ ಹಾಕಿದರು. ಆ ಸಂಘ ಇಂದು ದೇಶದಾದ್ಯಂತ ಸಾವಿರಾರು ಸಂಸ್ಥೆಗಳನ್ನು ಒಂದುಗೂಡಿಸಿದೆ. ಸರಕಾರದ ವ್ಯವಸ್ಥೆಯನ್ನು ಬಿಟ್ಟರೆ ಇಷ್ಟು ವಿಸ್ತಾರವಾದ ಆರೋಗ್ಯ ಜಾಲ ನಮ್ಮ ದೇಶದಲ್ಲಿ ವಿರಳ. ಇಂಥ ದೊಡ್ಡ ವ್ಯವಸ್ಥೆಯ ಬಲ ಕಟ್ಟಡಗಳಲ್ಲಿಲ್ಲ, ಯಂತ್ರಗಳಲ್ಲಿಯೂ ಇಲ್ಲ. ರಾತ್ರಿ ಪಾಳಿಯಲ್ಲಿ ಎಚ್ಚರವಿರುವ ದಾದಿಯಲ್ಲಿದೆ. ಆಕೆ ಹೊರಟುಹೋದರೆ ಉಳಿಯುವುದು ಗೋಡೆಗಳು ಮಾತ್ರ.

ಆಕೆ ಹೊರಟುಹೋಗುತ್ತಿದ್ದಾಳೆ ಎಂಬುದು ಎಲ್ಲರಿಗೂ ತಿಳಿದ ಸಂಗತಿ. ಎರಡು ವರ್ಷ ಅನುಭವ ಪಡೆದು ಕೊಲ್ಲಿ ರಾಷ್ಟ್ರಗಳಿಗೋ, ಇಂಗ್ಲೆಂಡ್, ಐರ್ಲೆಂಡ್, ಜರ್ಮನಿಗಳಿಗೋ ಹೋಗುವ ತರುಣಿಯರು ನಮ್ಮ ಪ್ರತಿಯೊಂದು ಧರ್ಮಕೇಂದ್ರದಲ್ಲೂ ಇದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ 2025ರ ವರದಿಯ ಪ್ರಕಾರ, 2023ರಲ್ಲಿ ಜಗತ್ತಿನಲ್ಲಿ ಸುಮಾರು 2 ಕೋಟಿ 98 ಲಕ್ಷ ದಾದಿಯರಿದ್ದರು. ಆದರೂ 58 ಲಕ್ಷದಷ್ಟು ಕೊರತೆಯಿತ್ತು. ಸಿರಿವಂತ ರಾಷ್ಟ್ರಗಳು ಆ ಕೊರತೆಯನ್ನು ನಮ್ಮಂಥ ದೇಶಗಳಿಂದ ತುಂಬಿಕೊಳ್ಳುತ್ತಿವೆ. ಹೋಗುವವರನ್ನು ದೂಷಿಸುವುದು ಸಲ್ಲದು. ಮನೆಯ ಸಾಲ, ತಮ್ಮಂದಿರ ಓದು, ತಂಗಿಯರ ಮದುವೆ, ಇವೆಲ್ಲದರ ಭಾರವನ್ನು ಹೊತ್ತವರು ಅವರೇ. ಆದರೆ ಎಲ್ಲರೂ ಹಣಕ್ಕಾಗಿಯೇ ಹೋಗುತ್ತಾರೆ ಎಂದು ಕೈತೊಳೆದುಕೊಳ್ಳುವುದು ಆಡಳಿತ ಮಂಡಳಿಗಳಿಗೆ ಸುಲಭವಾದ ಸಮಾಧಾನ, ಪೂರ್ಣವಾದ ಸತ್ಯವಲ್ಲ.

ಈ ಮಾತಿಗೆ ಅಮೆರಿಕದ ಅನುಭವವೊಂದು ಸಾಕ್ಷಿ. 1980ರ ದಶಕದ ಆರಂಭದಲ್ಲಿ ಅಲ್ಲಿ ದಾದಿಯರ ತೀವ್ರ ಅಭಾವ ತಲೆದೋರಿತ್ತು. ಆದರೂ ಕೆಲವು ಆಸ್ಪತ್ರೆಗಳಲ್ಲಿ ದಾದಿಯರು ನೆಲೆಯೂರಿ ನಿಂತಿದ್ದರು. ಅಯಸ್ಕಾಂತದಂತೆ ಸೆಳೆದು ಹಿಡಿದಿಟ್ಟುಕೊಂಡ ಅಂಥ 41 ಆಸ್ಪತ್ರೆಗಳನ್ನು ಅಮೆರಿಕದ ನರ್ಸಿಂಗ್ ಅಕಾಡೆಮಿ ಅಧ್ಯಯನ ಮಾಡಿ 1983ರಲ್ಲಿ ವರದಿ ಪ್ರಕಟಿಸಿತು. ಸಂಬಳವೊಂದೇ ಕಾರಣವಲ್ಲವೆಂದು ಅದರಿಂದ ತಿಳಿದುಬಂತು. ಆ ಆಸ್ಪತ್ರೆಗಳಲ್ಲಿ ದಾದಿಯರ ಮುಖ್ಯಸ್ಥೆ ಕಚೇರಿಯಲ್ಲಿ ಅಡಗಿ ಕೂರುತ್ತಿರಲಿಲ್ಲ, ವಾರ್ಡುಗಳಲ್ಲಿ ಕಣ್ಣಿಗೆ ಬೀಳುತ್ತಿದ್ದಳು. ಆಡಳಿತದ ಉನ್ನತ ಸಭೆಯಲ್ಲಿ ಆಕೆಗೆ ಸ್ಥಾನವಿತ್ತು. ರೋಗಿಯ ಆರೈಕೆಯ ನಿರ್ಧಾರಗಳು ವಾರ್ಡಿನಲ್ಲೇ ಆಗುತ್ತಿದ್ದವು. ವೈದ್ಯರು ದಾದಿಯರನ್ನು ಸಹೋದ್ಯೋಗಿಗಳೆಂದು ಗೌರವಿಸುತ್ತಿದ್ದರು. ಮುಂದಿನ ಓದಿಗೆ ಅವಕಾಶವಿತ್ತು, ಪಾಳಿಯ ಹಂಚಿಕೆಯಲ್ಲಿ ಮನುಷ್ಯತ್ವವಿತ್ತು.

ಇದು ಕೇವಲ ಸಿಬ್ಬಂದಿಯ ಕ್ಷೇಮದ ಪ್ರಶ್ನೆಯೆಂದು ತಿಳಿಯಬಾರದು, ರೋಗಿಯ ಪ್ರಾಣದ ಪ್ರಶ್ನೆಯೂ ಹೌದು. ಪೆನ್ಸಿಲ್ವೇನಿಯಾ ರಾಜ್ಯದ 168 ಆಸ್ಪತ್ರೆಗಳ ಶಸ್ತ್ರಚಿಕಿತ್ಸಾ ರೋಗಿಗಳ ಕುರಿತು ಲಿಂಡಾ ಏಕನ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಬ್ಬ ದಾದಿಯ ಪಾಲಿಗೆ ಒಬ್ಬ ರೋಗಿ ಹೆಚ್ಚಾದಂತೆಲ್ಲ 30 ದಿನಗಳೊಳಗೆ ಸಾವು ಸಂಭವಿಸುವ ಸಾಧ್ಯತೆ ಶೇ. 7ರಷ್ಟು ಏರುವುದು ಕಂಡುಬಂತು. ದಾದಿಯ ಬಳಲಿಕೆಯೂ ಅದರೊಡನೆ ಏರುತ್ತಿತ್ತು. ನಮ್ಮ ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡ, ಬೋಧನಾ ಆಸ್ಪತ್ರೆಗಳಲ್ಲಿ ಮೂವರು ರೋಗಿಗಳಿಗೆ ಒಬ್ಬ ದಾದಿ, ಸಾಮಾನ್ಯ ಆಸ್ಪತ್ರೆಗಳಲ್ಲಿ ಐವರಿಗೆ ಒಬ್ಬ ದಾದಿ ಎನ್ನುತ್ತದೆ. ನಮ್ಮ ಸಂಸ್ಥೆಗಳ ರಾತ್ರಿ ಪಾಳಿಯಲ್ಲಿ ಈ ಪ್ರಮಾಣ ಎಷ್ಟಿದೆ ಎಂದು ಪ್ರತಿಯೊಂದು ಆಡಳಿತ ಮಂಡಳಿಯೂ ತನ್ನ ಅಂತಃಸಾಕ್ಷಿಯನ್ನು ಕೇಳಿಕೊಳ್ಳಲಿ.

ವೇತನದ ವಿಷಯವನ್ನೂ ಮರೆಮಾಚುವಂತಿಲ್ಲ. ಕೇರಳದ ಖಾಸಗಿ ಆಸ್ಪತ್ರೆಗಳ ದಾದಿಯರು 2011 ಮತ್ತು 2012ರಲ್ಲಿ ಬೀದಿಗಿಳಿದರು. ನ್ಯಾಯವಾದ ಸಂಬಳದೊಂದಿಗೆ, ಕೆಲಸ ಬಿಡದಂತೆ ಕಟ್ಟಿಹಾಕುವ ಬಾಂಡ್ ಪದ್ಧತಿಯ ರದ್ದತಿಯೂ ಅವರ ಬೇಡಿಕೆಯಾಗಿತ್ತು. ದಾದಿಯರ ಸಂಘ ಹೂಡಿದ್ದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ 2016ರ ಜನವರಿಯಲ್ಲಿ ನಿರ್ದೇಶನ ನೀಡಿತು. ಅದರಂತೆ ನೇಮಕವಾದ ತಜ್ಞರ ಸಮಿತಿಯು, 200ಕ್ಕಿಂತ ಹೆಚ್ಚು ಹಾಸಿಗೆಗಳ ಖಾಸಗಿ ಆಸ್ಪತ್ರೆಗಳಲ್ಲಿ ಸರಕಾರಿ ದಾದಿಯರಿಗೆ ಸಮನಾದ ವೇತನ ಕೊಡಬೇಕೆಂದೂ, 50ಕ್ಕಿಂತ ಕಡಿಮೆ ಹಾಸಿಗೆಗಳ ಸಣ್ಣ ಆಸ್ಪತ್ರೆಗಳಲ್ಲಿಯೂ ಅದು ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆಯಾಗಬಾರದೆಂದೂ ಶಿಫಾರಸು ಮಾಡಿತು. ಕೇರಳ ಸರಕಾರ 2018ರಲ್ಲಿ ಖಾಸಗಿ ಆಸ್ಪತ್ರೆಗಳಿಗೆ ಹೊಸ ಕನಿಷ್ಠ ವೇತನ ಗೊತ್ತುಪಡಿಸಿತು. ಕಾನೂನು ಬಂದು ಬಾಗಿಲು ತಟ್ಟುವ ಮುನ್ನವೇ ನ್ಯಾಯ ಪಾಲಿಸಬೇಕಾದವರು ನಾವಲ್ಲವೇ? ಪೋಪ್ ಹದಿಮೂರನೆಯ ಲಿಯೋ 1891ರ ತಮ್ಮ ವಿಶ್ವಪತ್ರದಲ್ಲಿ ದುಡಿಯುವವನ ನ್ಯಾಯವಾದ ಕೂಲಿಯನ್ನು ಧರ್ಮದ ವಿಷಯವನ್ನಾಗಿ ಎತ್ತಿಹಿಡಿದರು. 2025ರಲ್ಲಿ ಆಯ್ಕೆಯಾದ ಹದಿನಾಲ್ಕನೆಯ ಲಿಯೋ ಆ ಹೆಸರನ್ನು ಆರಿಸಿಕೊಳ್ಳಲು ಅದೇ ಪರಂಪರೆ ಮುಖ್ಯ ಕಾರಣವೆಂದು ಹೇಳಿದ್ದಾರೆ.

ಇಲ್ಲೊಂದು ಸೂಕ್ಷ್ಮವಾದ ಮಾತಿದೆ. ಒಂದು ಕಾಲದಲ್ಲಿ ನಮ್ಮ ಆಸ್ಪತ್ರೆಗಳ ಭಾರವನ್ನು ಧರ್ಮಭಗಿನಿಯರೇ ಹೊತ್ತಿದ್ದರು. ಬಡತನದ ವ್ರತ ಕೈಗೊಂಡ ಅವರಿಗೆ ಸಂಬಳದ ಚಿಂತೆಯಿರಲಿಲ್ಲ, ಮಠವೇ ಅವರ ಮನೆ. ಇಂದು ದೈವಕರೆಗಳು ಇಳಿಮುಖವಾಗಿವೆ. ವಾರ್ಡುಗಳಲ್ಲಿ ದುಡಿಯುವವರು ಬಹುಪಾಲು ಗೃಹಸ್ಥ ಕುಟುಂಬಗಳ ಹೆಣ್ಣುಮಕ್ಕಳು. ಭಗಿನಿಯೊಬ್ಬಳು ಸ್ವಂತ ಇಚ್ಛೆಯಿಂದ ದೇವರಿಗೆ ಒಪ್ಪಿಸಿದ ವ್ರತವನ್ನು, ಅದನ್ನು ಸ್ವೀಕರಿಸದ ಇನ್ನೊಬ್ಬಳ ಮೇಲೆ ಹೇರುವ ಅಧಿಕಾರ ಯಾರಿಗೂ ಇಲ್ಲ. ಮಕ್ಕಳ ಶಾಲೆಯ ಶುಲ್ಕವನ್ನು ಸೇವಾಮನೋಭಾವದಿಂದ ಕಟ್ಟಲಾಗದು. ಹಾಗೆಯೇ, ಮಠದ ವರ್ಗಾವಣೆಯ ಪಟ್ಟಿಯೇ ನರ್ಸಿಂಗ್ ಸೂಪರಿಂಟೆಂಡೆಂಟ್ ಯಾರೆಂದು ನಿರ್ಧರಿಸುವುದಾದರೆ, ಇಪ್ಪತ್ತು ವರ್ಷ ದುಡಿದ ಗೃಹಸ್ಥ ದಾದಿಗೆ ಮೇಲೇರಲು ಮೆಟ್ಟಿಲೇ ಇರುವುದಿಲ್ಲ. ಯೋಗ್ಯತೆಯಿದ್ದಲ್ಲಿ ಭಗಿನಿ ಮುಂದಾಳಾಗಲಿ. ಯೋಗ್ಯತೆಯಿದ್ದಲ್ಲಿ ಗೃಹಸ್ಥಳೂ ಮುಂದಾಳಾಗಲಿ.

ಬಡವರಿಗೆ ಕಡಿಮೆ ವೆಚ್ಚದಲ್ಲಿ ಚಿಕಿತ್ಸೆ ನೀಡುವ ನಮ್ಮ ಸಂಸ್ಥೆಗಳಿಗೆ ಇಷ್ಟೆಲ್ಲ ಸಾಧ್ಯವೇ ಎಂದು ಕೇಳುವವರಿದ್ದಾರೆ. ಆ ಪ್ರಶ್ನೆ ಪ್ರಾಮಾಣಿಕವಾದದ್ದು, ಹಳ್ಳಿಗಾಡಿನ ಸಣ್ಣ ಆಸ್ಪತ್ರೆಗಳ ಕಷ್ಟ ನಿಜವಾದದ್ದು. ಆದರೆ ಅನುಭವಿ ದಾದಿ ಹೋದಾಗ ಹೊಸಬಳನ್ನು ಹುಡುಕಿ, ಕಲಿಸಿ, ಆಕೆಯ ಕೈ ಪಳಗುವವರೆಗೆ ಕಾಯುವುದಕ್ಕೂ ಬೆಲೆಯಿದೆ. ಅದು ಲೆಕ್ಕಪುಸ್ತಕದಲ್ಲಿ ಕಾಣುವುದಿಲ್ಲ, ರೋಗಿಯ ಹಾಸಿಗೆಯ ಬಳಿ ಕಾಣುತ್ತದೆ. ಸದಯ ಸಮಾರಿಯದವನ ಸಾಮತಿಯನ್ನು ನಾವು ಎಷ್ಟೋ ಬಾರಿ ಕೇಳಿದ್ದೇವೆ. ಅವನು ಗಾಯಗೊಂಡವನನ್ನು ಛತ್ರಕ್ಕೆ ಕರೆತಂದು, ಆರೈಕೆ ಮಾಡೆಂದು ಛತ್ರದವನಿಗೆ ಬರಿಯ ಉಪದೇಶ ಮಾಡಲಿಲ್ಲ. ಎರಡು ಬೆಳ್ಳಿ ನಾಣ್ಯಗಳನ್ನು ಕೊಟ್ಟನು. ಹೆಚ್ಚು ಖರ್ಚಾದರೆ ಮರಳಿ ಬಂದು ತೀರಿಸುವೆನೆಂದನು. ಕರುಣೆಯ ವೆಚ್ಚವನ್ನು ಕರುಣೆ ತೋರಿದವನೇ ಭರಿಸಿದನು, ಆರೈಕೆ ಮಾಡುವವನ ತಲೆಗೆ ಕಟ್ಟಲಿಲ್ಲ. ಬಡವರಿಗೆ ನಾವು ಕೊಡುವ ರಿಯಾಯಿತಿ ದಾದಿಯ ಸಂಬಳದಿಂದ ಕಡಿದು ಕೊಟ್ಟದ್ದಾದರೆ, ಆ ದಾನದ ದಾನಿ ಆಕೆಯೇ ಹೊರತು ನಾವಲ್ಲ.

ಆದುದರಿಂದ ನಮ್ಮ ಸಂಸ್ಥೆಗಳ ಮುಂದೆ ಕೆಲವು ವಿನಂತಿಗಳನ್ನಿಡುತ್ತೇವೆ. ದಾದಿಯರ ಮುಖ್ಯಸ್ಥೆಗೆ ಆಡಳಿತ ಮಂಡಳಿಯಲ್ಲಿ ಮಾತಿನ ಹಕ್ಕಿರಲಿ. ಪಾಳಿಪಟ್ಟಿಯ ಅಧಿಕಾರ ವಾರ್ಡ್ ಸಿಸ್ಟರ್ ಕೈಯಲ್ಲಿರಲಿ; ಕೈಗಳು ಸಾಲದಾದಾಗ ಸಾಲದೆಂದು ಹೇಳುವ ಧೈರ್ಯಕ್ಕೆ ಶಿಕ್ಷೆಯಾಗದಿರಲಿ. ಹೊಸದಾಗಿ ಸೇರಿದವಳನ್ನು ಮೊದಲ ವರ್ಷ ಹಿರಿಯಳೊಬ್ಬಳ ಜತೆಗಿರಿಸಿ ಬೆಳೆಸಲಿ. ಮೂಲ ಪ್ರಮಾಣಪತ್ರಗಳನ್ನು ಒತ್ತೆಯಿಟ್ಟುಕೊಂಡು ಯಾರನ್ನೂ ಉಳಿಸಿಕೊಳ್ಳುವ ಯತ್ನ ಎಲ್ಲಿಯೂ ನಡೆಯದಿರಲಿ. ಬಿಟ್ಟುಹೋಗುವವಳನ್ನು ಕರೆದು, ಏಕೆ ಹೋಗುತ್ತೀ ಎಂದು ಒಮ್ಮೆಯಾದರೂ ಕಿವಿಗೊಟ್ಟು ಕೇಳಲಿ.

ಕುಟುಂಬಗಳಿಗೂ ಒಂದು ಮಾತು. ಮಗಳ ನರ್ಸಿಂಗ್ ಓದನ್ನು ವೀಸಾದ ದಾರಿಯೆಂದಷ್ಟೇ ಕಾಣಬೇಡಿ. ಊರಿನಲ್ಲೇ ಉಳಿದು ದುಡಿಯುವ ದಾದಿಯನ್ನು ವಿದೇಶಕ್ಕೆ ಹೋಗಲಾರದವಳೆಂದು ಕೀಳಾಗಿ ನೋಡಬೇಡಿ. ಬಂಧುವನ್ನು ನೋಡಲು ಆಸ್ಪತ್ರೆಗೆ ಹೋದಾಗ ದಾದಿಯ ಮೇಲೆ ಧ್ವನಿಯೇರಿಸುವವರಲ್ಲಿ ನಾವೂ ಇದ್ದೇವೆ. ಆ ಚಾಳಿಯನ್ನು ಬಿಡೋಣ. ಉಳ್ಳವರು ಆಸ್ಪತ್ರೆಗೆ ಕೊಡುಗೆ ನೀಡುವಾಗ ಕಲ್ಲಿನ ಮೇಲೆ ಹೆಸರು ಕೆತ್ತಿಸುವ ಕಟ್ಟಡವನ್ನೇ ಬಯಸದೆ, ದಾದಿಯರ ವೇತನಕ್ಕೂ ವಸತಿಗೂ ಮುಡಿಪಾದ ನಿಧಿಯನ್ನು ಸ್ಥಾಪಿಸಲಿ.

ಹತ್ತು ಮಂದಿ ಕನ್ನಿಕೆಯರ ಸಾಮತಿಯಲ್ಲಿ ಎಲ್ಲರ ಕೈಯಲ್ಲೂ ದೀಪವಿತ್ತು. ವ್ಯತ್ಯಾಸವಿದ್ದದ್ದು ಎಣ್ಣೆಯಲ್ಲಿ. ನಮ್ಮ ಹೆಣ್ಣುಮಕ್ಕಳ ಕೈಗೆ ದೀಪ ಕೊಟ್ಟವರು ನಾವು. ಅದು ನಡುರಾತ್ರಿಯಲ್ಲಿ ಆರದಂತೆ ಎಣ್ಣೆ ಒದಗಿಸುವ ಹೊಣೆಯೂ ನಮ್ಮದೇ.