ಬೆಂಕಿ ಕಾಣದ ಎಂಜಿನ್ನುಗಳು

ನಮ್ಮ ಸೀಮೆಯವರಿಗೆ ಉಗಿಬಂಡಿಯ ಮೇಲೆ ಇರುವುದು ಪ್ರೀತಿಯಲ್ಲ, ಬರೀ ಹಳಹಳಿಕೆ ಎಂದರೆ ಕೆಲವರಿಗೆ ಸಿಟ್ಟು ಬಂದೀತು. ಬರಲಿ. ಹೊಸನಗರ ತಾಲೂಕಿನ ಅರಸಾಳು ನಿಲ್ದಾಣಕ್ಕೆ ಒಮ್ಮೆ ಹೋಗಿ ನೋಡಿ. ಶಂಕರ್‌ನಾಗ್ ‘ಮಾಲ್ಗುಡಿ ಡೇಸ್’ ಚಿತ್ರೀಕರಿಸಿದ ಆ ಹಳೆಯ ಕಟ್ಟಡವನ್ನು ರೈಲ್ವೆಯವರು 2020ರಲ್ಲಿ ಮ್ಯೂಸಿಯಂ ಮಾಡಿದರು. ಜನ ಬರುತ್ತಾರೆ, ಫೋಟೊ ತೆಗೆಸಿಕೊಳ್ಳುತ್ತಾರೆ, ಅದೇ ಧಾರಾವಾಹಿಯ ಬೀದಿ ಹುಡುಕಿಕೊಂಡು ತೀರ್ಥಹಳ್ಳಿ ತಾಲೂಕಿನ ಆಗುಂಬೆಗೆ ಹೊರಡುತ್ತಾರೆ. ಕಟ್ಟಡ ಉಳಿದದ್ದು ಒಳ್ಳೆಯದೇ. ಆದರೆ ಆ ಹಳಿಯ ಮೇಲೆ ಓಡುತ್ತಿದ್ದ ಎಂಜಿನ್ನಿನ ಹೊಟ್ಟೆಯೊಳಗೆ ಏನು ನಡೆಯುತ್ತಿತ್ತು ಎಂದು ಅಲ್ಲಿ ನಿಂತವರನ್ನು ಕೇಳಿ. ಕಲ್ಲಿದ್ದಲು ಹಾಕುತ್ತಿದ್ದರು, ಕೂ ಎನ್ನುತ್ತಿತ್ತು ಎಂಬುದರಾಚೆ ಮಾತು ಹೋಗುವುದಿಲ್ಲ.

ಶಿವಮೊಗ್ಗೆಗೆ ರೈಲು ಬಂದದ್ದು 1899ರಲ್ಲಿ. ಅಲ್ಲಿಂದ ಅರಸಾಳು, ಆನಂದಪುರ, ಸಾಗರ ದಾಟಿ ಮೀಟರ್‌ಗೇಜ್ ಹಳಿ ತಾಳಗುಪ್ಪ ಮುಟ್ಟಿದ್ದು 1940ರ ಹೊತ್ತಿಗೆ. ಉಗಿಯ ಕಾಲ ಮುಗಿಯಿತು, ಮೀಟರ್‌ಗೇಜಿನ ಕೊನೆಗಾಲದಲ್ಲಿ ರೈಲ್‌ಬಸ್ಸು ಓಡಿತು, 2011ರಲ್ಲಿ ತಾಳಗುಪ್ಪದವರೆಗೂ ಬ್ರಾಡ್‌ಗೇಜ್ ಆಯಿತು. ಇಷ್ಟು ವರ್ಷ ಕಣ್ಣೆದುರೇ ಓಡಿದ್ದನ್ನು ಕಂಡು, ‘ಇಂಥದೊಂದು ಚಿಕ್ಕದು ನಾನೂ ಮಾಡಿ ನೋಡುತ್ತೇನೆ’ ಎಂದು ಹೊರಟವರು ಈ ಮೂರು ತಾಲೂಕಿನಲ್ಲಿ ನನಗೆ ಸಿಕ್ಕಿಲ್ಲ.

ಇಂಗ್ಲೆಂಡಿನಲ್ಲಿ ಗುಮಾಸ್ತರು, ಗಡಿಯಾರ ರಿಪೇರಿಯವರು, ಮೇಷ್ಟ್ರುಗಳು ಮನೆಯ ಹಿತ್ತಿಲ ಕೊಟ್ಟಿಗೆಯಲ್ಲಿ ಈ ಕೆಲಸ ಮಾಡಿದರು. ಅವರಿಗಾಗಿಯೇ ‘ಮಾಡೆಲ್ ಎಂಜಿನಿಯರ್’ ಎಂಬ ಪತ್ರಿಕೆ 1898ರಲ್ಲಿ ಶುರುವಾಯಿತು. 1920ರ ದಶಕದಲ್ಲಿ ಅದರ ಪುಟಗಳಲ್ಲಿ ದೊಡ್ಡ ಜಗಳವೇ ನಡೆಯಿತು. ಇಷ್ಟು ಚಿಕ್ಕ ಎಂಜಿನ್ನಿಗೆ ಕಲ್ಲಿದ್ದಲಿನ ಒಲೆ ಒಗ್ಗದು, ಸ್ಪಿರಿಟ್ ದೀಪವೇ ಸರಿ ಎಂಬ ಪಕ್ಷ ಒಂದು. ಎಲ್‌ಬಿಎಸ್‌ಸಿ ಎಂಬ ಹೆಸರಿನಲ್ಲಿ ಬರೆಯುತ್ತಿದ್ದವನ ಪಕ್ಷ ಇನ್ನೊಂದು. ಆತ ಎರಡೂವರೆ ಇಂಚು ಅಗಲದ ಹಳಿಯ ‘ಆಯೇಷಾ’ ಎಂಬ ಎಂಜಿನ್ನಿಗೆ ಕಲ್ಲಿದ್ದಲನ್ನೇ ಹಾಕಿ, ಹಿಂದಿನ ಗಾಡಿಯ ಮೇಲೆ ಆಳು ಕೂರಿಸಿ ಎಳೆಸಿ ತೋರಿಸಿದ. ಜಗಳ ಮಾಡುವುದಾದರೆ ಹೀಗೆ ಮಾಡಬೇಕು.

ಇದು ಆಟಿಕೆಯ ಕೆಲಸ ಎನ್ನುವವರಿಗೆ ನಮ್ಮ ಮೀಟರ್‌ಗೇಜಿನ ವೈಪಿ ಎಂಜಿನ್ನನ್ನೇ ತೋರಿಸುತ್ತೇನೆ. ಮೂರೂವರೆ ಇಂಚಿನ ಹಳಿಗೆ ಇಳಿಸಿದರೆ ಅದು ಸುಮಾರು ಹನ್ನೊಂದರಲ್ಲಿ ಒಂದು ಪಾಲಾಗುತ್ತದೆ. ನಾಲ್ಕೂವರೆ ಅಡಿಯ ಗಾಲಿ ಐದು ಇಂಚಿನೊಳಗೆ ಬರುತ್ತದೆ. ಕಬ್ಬಿಣ ಹೀಗೆ ಅಳತೆಗೆ ಬಗ್ಗುತ್ತದೆ, ನೀರು ಬೆಂಕಿ ಬಗ್ಗುವುದಿಲ್ಲ. ಉದ್ದ 11 ಪಟ್ಟು ಇಳಿದರೆ ಬಾಯ್ಲರಿನ ಮೈ 121 ಪಟ್ಟು ಇಳಿಯುತ್ತದೆ, ಒಳಗಿನ ನೀರು 1331 ಪಟ್ಟು ಇಳಿಯುತ್ತದೆ. ನೀರು ಅಷ್ಟು ಸ್ವಲ್ಪ, ಮೈ ಮಾತ್ರ ಅದಕ್ಕೆ ಹೋಲಿಸಿದರೆ ದೊಡ್ಡದು. ಆದ್ದರಿಂದ ಶಾಖ ಬೇಗ ಸೋರಿಹೋಗುತ್ತದೆ. ಒಳಗಿನ ಬೆಂಕಿಕೊಳವೆಗಳನ್ನೂ ಅದೇ ಲೆಕ್ಕದಲ್ಲಿ ಸಣ್ಣ ಮಾಡಿದರೆ ಮಸಿ ಕಟ್ಟಿ ಉಸಿರೇ ನಿಲ್ಲುತ್ತದೆ; ಸಂಖ್ಯೆ ಕಡಿಮೆ ಮಾಡಿ ದಪ್ಪ ಕೊಳವೆ ಹಾಕಬೇಕು. ಸಿಲಿಂಡರಿನಿಂದ ಹೊರಬಿದ್ದ ಉಗಿ ಬ್ಲಾಸ್ಟ್ ಪೈಪಿನಿಂದ ಚಿಮಣಿಗೆ ನುಗ್ಗುವಾಗ ಒಲೆಗೆ ಗಾಳಿ ಎಳೆಯುತ್ತದೆ. ಎಂಜಿನ್ನು ದುಡಿದಷ್ಟೂ ಬೆಂಕಿ ಹೆಚ್ಚು ಉರಿಯುತ್ತದೆ. ಆ ಪೈಪಿನ ಬಾಯಿ ಚಿಮಣಿಯ ನೇರಕ್ಕೆ ಕೂರದಿದ್ದರೆ ಉಗಿ ಸರಿಯಾಗಿ ಏಳುವುದಿಲ್ಲ. ಫಿಸಿಕ್ಸ್ ಪುಸ್ತಕದ ಎಷ್ಟು ಪಾಠಗಳು ಇಲ್ಲಿವೆ ಎಂದು ಲೆಕ್ಕ ಹಾಕಿ.

ಇದಕ್ಕೆ ಬೇಕಾದ ಕೈಗಳು ನಮ್ಮಲ್ಲಿಲ್ಲವೆ? ಬಚ್ಚಲ ತಾಮ್ರದ ಹಂಡೆಯಲ್ಲಿ ನೀರು ಕಾಯಿಸಿ ಬೆಳೆದವರು ನಾವು. ಚಿಕ್ಕ ಬಾಯ್ಲರಿಗೆ ಬೇಕಾದದ್ದೂ ತಾಮ್ರದ ತಗಡೇ. ಬಿಳಿಗಾರ ಹಚ್ಚಿ ಬೆಳ್ಳಿ ಬೆಸುಗೆ ಹಾಕುವುದು ನಮ್ಮ ಅಕ್ಕಸಾಲಿಗರಿಗೆ ನಿತ್ಯದ ಕೆಲಸ. ಸಾಗರದ ಗುಡಿಗಾರರ ಉಳಿಯ ನಾಜೂಕನ್ನು ಹೊಸದಾಗಿ ಹೊಗಳಬೇಕಿಲ್ಲ. ರೈಲೇ ಬಾರದ ತೀರ್ಥಹಳ್ಳಿ ಪೇಟೆಯಲ್ಲೂ ಅಡಿಕೆ ಸುಲಿಯುವ ಯಂತ್ರ ಬಿಚ್ಚಿ ಜೋಡಿಸುವವರಿದ್ದಾರೆ. ಕೈಗಳು ಇವೆ. ಅವುಗಳ ಪಕ್ಕದಲ್ಲಿ ಕೂತು ಕಲಿಯುವ ಮನಸ್ಸು ನಮಗಿಲ್ಲ.

ಕಾರಣ ಹೇಳಿದರೆ ಕಹಿಯಾಗುತ್ತದೆ. ಕಬ್ಬಿಣ ಕಾಯಿಸುವುದು, ತಗಡು ಬಡಿಯುವುದು ಆಚಾರಿಗಳ ಕೆಲಸ. ಓದಿದವರ ಮನೆಯ ಹುಡುಗ ಬೆರಳಿಗೆ ಮಸಿ ಮಾಡಿಕೊಳ್ಳಬಾರದು ಎಂದು ನಾವು ತೀರ್ಮಾನಿಸಿ ತಲೆಮಾರುಗಳೇ ಕಳೆದವು. ಮಗ ಎಂಜಿನಿಯರ್ ಆಗಬೇಕು, ಆದರೆ ಅರ ಹಿಡಿಯಬಾರದು. ಜಾತಿ ಹೋಯಿತೆಂದು ಭಾಷಣ ಮಾಡುವವರ ಮನೆಯಲ್ಲೂ ಈ ಮಡಿ ಹೋಗಿಲ್ಲ.

‘ಇದರಿಂದ ಏನು ಪ್ರಯೋಜನ?’ ಎಂಬುದು ಇನ್ನೊಂದು ಪ್ರಶ್ನೆ. ಸಾಗರ ತಾಲೂಕಿನಲ್ಲಿ ಕೂತು ಈ ಪ್ರಶ್ನೆ ಕೇಳಬಾರದು. 1949ರಲ್ಲಿ ಹೆಗ್ಗೋಡಿನಲ್ಲಿ ನೀನಾಸಂ ಕಟ್ಟಿದವರು, 1973ರಲ್ಲಿ ಅಲ್ಲೇ ಚಿತ್ರಸಮಾಜ ಮಾಡಿ ಹಳ್ಳಿಯವರ ಮುಂದೆ ಜಗತ್ತಿನ ಸಿನಿಮಾ ಇಟ್ಟವರು ಪ್ರಯೋಜನದ ಲೆಕ್ಕ ಹಾಕಿದ್ದರೆ ಅಲ್ಲಿ ಇಂದು ಅಡಿಕೆ ತೋಟ ಮಾತ್ರ ಇರುತ್ತಿತ್ತು. ನಾಟಕಕ್ಕೆ ಸಲ್ಲುವ ಮಾತು ಲೇತಿಗೆ ಯಾಕೆ ಸಲ್ಲಬಾರದು?

‘ಸಿಡಿದರೆ?’ ಎನ್ನುವವರ ಭಯ ಮಾತ್ರ ನ್ಯಾಯವಾದದ್ದು. ಅದಕ್ಕೆ ಉತ್ತರವೂ ಇದೆ. ಬೆಂಕಿ ಹಚ್ಚುವ ಮುಂಚೆ ಬಾಯ್ಲರಿನ ತುಂಬ ಗಾಳಿಯಿಲ್ಲದಂತೆ ತಣ್ಣೀರು ತುಂಬಿ, ಕೈಪಂಪಿನಿಂದ ಒತ್ತಡವನ್ನು ದುಪ್ಪಟ್ಟಿಗೆ ಏರಿಸಬೇಕು. 80 ಪೌಂಡಿನಲ್ಲಿ ಓಡಿಸುವುದಾದರೆ 160ಕ್ಕೆ. ನೀರು ಉಗಿಯ ಹಾಗೆ ಹಿಗ್ಗುವುದಿಲ್ಲ, ಆದ್ದರಿಂದ ಬೆಸುಗೆ ಬಿಟ್ಟರೂ ಸೋರುತ್ತದೆಯೇ ಹೊರತು ಸಿಡಿಯುವುದಿಲ್ಲ. 2025ರ ಬಾಯ್ಲರ್ ಕಾಯ್ದೆ 25 ಲೀಟರಿಗಿಂತ ಚಿಕ್ಕದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಇನ್‌ಸ್ಪೆಕ್ಟರ್ ಬಾರದ ಕಡೆ ನಾವೇ ಇನ್‌ಸ್ಪೆಕ್ಟರಾಗಬೇಕು. ಸೇಫ್ಟಿ ವಾಲ್ವನ್ನು ತಾನೇ ಮಾಡಿ, ತಾನೇ ಪರೀಕ್ಷಿಸಿ, ತಾನೇ ಅದರ ಪಕ್ಕ ನಿಲ್ಲುವ ಹುಡುಗಿಗೆ ಜವಾಬ್ದಾರಿ ಎಂಬ ಮಾತನ್ನು ನೀತಿಪಾಠದಲ್ಲಿ ಬೇರೆ ಹೇಳಿಕೊಡಬೇಕಿಲ್ಲ.

ನಾನು ಕೇಳುವುದು ದೊಡ್ಡದಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿಯ ಒಂದೊಂದು ಹೈಸ್ಕೂಲಿನಲ್ಲಿ ಒಂದು ಹಳೆಯ ಲೇತು, ಒಂದು ಕುಲುಮೆ, ವಾರಕ್ಕೆ ಎರಡು ದಿನ ಸಂಬಳ ಕೊಟ್ಟು ಕರೆಸಿದ ಒಬ್ಬ ಅಕ್ಕಸಾಲಿಗ, ಒಬ್ಬ ಲೇತಿನವ. ಅವರನ್ನು ಮಕ್ಕಳು ಮೇಷ್ಟ್ರೇ ಎಂದು ಕರೆಯಲಿ. ಎರಡು ವರ್ಷದಲ್ಲಿ ಆಟದ ಬಯಲಿನ ಸುತ್ತ ಮೂರೂವರೆ ಇಂಚಿನ ಹಳಿ ಬೀಳಲಿ. ಮೊದಲನೆಯ ಎಂಜಿನ್ನು ಹತ್ತು ಮಾರು ಹೋಗಿ ನಿಂತರೂ ಚಿಂತೆಯಿಲ್ಲ, ಯಾಕೆ ನಿಂತಿತೆಂದು ಹೇಳಬಲ್ಲ ಮಕ್ಕಳು ಅಲ್ಲಿರುತ್ತಾರೆ.